ಲಾರಪಿಂಟಾ ಚಾರಣಕ್ಕೆ ತಯಾರಿ: ಒಣ ನದಿಗಳ ನಾಡಿನಲ್ಲಿ 230 ಕಿಲೋಮೀಟರ್ ನಡೆಯುವುದು ಹೇಗೆ?

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಅಂತ ಒಂದು ಊರು. ಅಲ್ಲಿಂದ ಪಶ್ಚಿಮಕ್ಕೆ ಕೆಂಪು ಬೆಟ್ಟಗಳ ಉದ್ದನೆಯ ಸಾಲೊಂದು ಹೊರಡುತ್ತದೆ. ಅದಕ್ಕೆ ವೆಸ್ಟ್ ಮೆಕ್‌ಡೊನೆಲ್ ರೇಂಜಸ್ ಎಂದು ಹೆಸರು. ಅಲ್ಲಿನ ಮೂಲನಿವಾಸಿಗಳಾದ ಅರಂಡ ಜನರಿಗೆ ಅದು ಚೂರಿಟ್ಜಾ. ಆ ಬೆಟ್ಟಗಳ ಬೆನ್ನು, ಬುಡ, ಸಂದುಗಳನ್ನು ಹಿಡಿದು ಸಾಗುವ ಸುಮಾರು 230 ಕಿಲೋಮೀಟರ್ ಕಾಲುದಾರಿಯೇ ಲಾರಪಿಂಟಾ ಟ್ರೇಲ್. ಒಟ್ಟು 12 ವಿಭಾಗ. ಪೂರ್ತಿ ದಾರಿ ಸಿದ್ಧವಾದದ್ದು 2002ರಲ್ಲಿ.

ಇಲ್ಲಿಗೆ ಹೊರಡುವ ಮನಸ್ಸು ಮಾಡಿದವರು ಮೊದಲು ಕೇಳುವುದು ಯಾವ ಶೂ, ಯಾವ ಟೆಂಟ್ ಅಂತ. ಅದೆಲ್ಲ ಆಮೇಲೆ. ಈ ಚಾರಣದ ಯೋಜನೆ ನೀರಿನಿಂದ ಶುರುವಾಗಬೇಕು. ಎಷ್ಟು ದಿನ ನಡೆಯುತ್ತೀರಿ, ಎಲ್ಲಿ ಮಲಗುತ್ತೀರಿ, ಬ್ಯಾಗ್ ಎಷ್ಟು ಭಾರ, ಅಡುಗೆ ಏನು ಅನ್ನುವುದೆಲ್ಲ ನೀರು ಎಲ್ಲಿ ಸಿಗುತ್ತದೆ ಅನ್ನುವುದರ ಮೇಲೇ ನಿಂತಿದೆ.

1. ಮೊದಲು ನೆಲವನ್ನು ಅರ್ಥ ಮಾಡಿಕೊಳ್ಳಿ

ನಕ್ಷೆ ಹರಡಿ ನೋಡಿ. ಬೆಟ್ಟದ ಸಾಲುಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ನದಿಗಳು ಮಾತ್ರ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟವನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತವೆ. ನದಿ ಅಂದ ಮೇಲೆ ಬೆಟ್ಟ ಸುತ್ತಿಕೊಂಡು ಹೋಗಬೇಕು ಅಲ್ವಾ? ಇಲ್ಲಿ ಹಾಗಾಗಿಲ್ಲ. ಇಲ್ಲಿನ ದೊಡ್ಡ ನದಿ ಫಿಂಕ್. ಜಗತ್ತಿನ ಅತಿ ಹಳೆಯ ನದಿಗಳಲ್ಲಿ ಇದೂ ಒಂದು ಎನ್ನುತ್ತಾರೆ. ಇದರ ಕೆಲವು ಭಾಗಗಳ ವಯಸ್ಸು 30 ಕೋಟಿ ವರ್ಷಕ್ಕೂ ಜಾಸ್ತಿ ಎಂಬ ಅಂದಾಜಿದೆ. ಬೆಟ್ಟದ ಕಲ್ಲು ಅದಕ್ಕಿಂತಲೂ ಹಳೆಯದು. ಹೆವಿಟ್ರೀ ಕ್ವಾರ್ಟ್ಜೈಟ್ ಎಂಬ ಆ ಗಟ್ಟಿ ಕಲ್ಲು ಸಮುದ್ರದಂಚಿನ ಮರಳಾಗಿ ಬಿದ್ದದ್ದು 80 ಕೋಟಿ ವರ್ಷಕ್ಕೂ ಹಿಂದೆ. ನೆಲ ಮಡಿಸಿಕೊಂಡು ಎದ್ದಿತು, ಸವೆಯಿತು. ನದಿ, ಹೊಳೆಗಳು ತಮ್ಮ ಜಾಡು ಬಿಡದೆ ಕೊರೆಯುತ್ತಲೇ ಇದ್ದವು. ಹೀಗೆ ಕೊರೆದ ಜಾಗಗಳೇ ಇವತ್ತಿನ ಸಿಂಪ್ಸನ್ಸ್ ಗ್ಯಾಪ್, ಎಲರಿ ಕ್ರೀಕ್, ಸರ್ಪೆಂಟೈನ್ ಗಾರ್ಜ್, ಆರ್ಮಿಸ್ಟನ್ ಗಾರ್ಜ್. ದಾರಿಗೆ ಬಂದಿರುವ ಲಾರಪಿಂಟಾ ಎಂಬ ಹೆಸರೂ ಅರಂಡ ಭಾಷೆಯಲ್ಲಿ ಫಿಂಕ್ ನದಿಯದ್ದೇ.

ಈ ಕಥೆಯಿಂದ ಚಾರಣಿಗರಿಗೇನು ಲಾಭ? ಲಾಭವಿದೆ. ಕಮರಿಗಳಲ್ಲಿ ಬಿಸಿಲು ಬೀಳುವುದು ಕಡಿಮೆ. ನದಿ ಒಣಗಿದ ಮೇಲೂ ಅಲ್ಲಿನ ಮಡುಗಳಲ್ಲಿ ನೀರು ನಿಲ್ಲುತ್ತದೆ. ಸಾವಿರಾರು ವರ್ಷಗಳಿಂದ ಮನುಷ್ಯರೂ ಪ್ರಾಣಿಗಳೂ ಸಂದಿನಿಂದ ಸಂದಿಗೆ ಓಡಾಡಿಕೊಂಡು ಬದುಕಿದ್ದಾರೆ. ನಿಮ್ಮ ದಾರಿಯೂ ಹಾಗೇ ಹೋಗುತ್ತದೆ. ಎರಡು ಸಂದುಗಳ ನಡುವಿನ ಒಣ ನೆಲ ಎಷ್ಟು ಉದ್ದವಿದೆಯೋ ಅದೇ ನಿಮ್ಮ ದಿನದ ಕಷ್ಟದ ಅಳತೆ.

ಫಿಂಕ್ ಅಂದಕೂಡಲೇ ನಮ್ಮ ಕಾವೇರಿ, ತುಂಗಭದ್ರೆಯರನ್ನು ನೆನೆಸಿಕೊಳ್ಳಬೇಡಿ. ವರ್ಷದ ಬಹುಪಾಲು ಅಲ್ಲಿ ಕಾಣುವುದು ಅಗಲವಾದ ಮರಳ ಹಾಸು, ಅದರ ನಡುವೆ ದೊಡ್ಡ ದೊಡ್ಡ ರಿವರ್ ರೆಡ್ ಗಮ್ ಮರಗಳು. ನಮ್ಮ ನೀಲಗಿರಿ ಮರದ ಬಂಧುಗಳೇ ಅವು. ನಮ್ಮಲ್ಲಿ ನೀಲಗಿರಿ ಅಂದರೆ ಅಂತರ್ಜಲ ಕುಡಿಯುವ ಮರ ಅಂತ ಬೈಗುಳ ತಿನ್ನುತ್ತದೆ. ಅಲ್ಲಿ ಅದು ತನ್ನ ಮನೆಯಲ್ಲಿದೆ, ಮರಳಿನಡಿಯ ನೀರಿಗೆ ಬೇರು ಇಳಿಸಿಕೊಂಡು ನಿಂತಿದೆ. ದೂರದಿಂದ ಬಿಳಿಚಿದ ಕಾಂಡಗಳ ಸಾಲು ಕಂಡರೆ ಅಲ್ಲೊಂದು ನದಿ ಇದೆ ಅಂತ ತಿಳಿಯಿರಿ. ಹೊಳೆ ಇರುವುದು ಹೀಗೆ ಅನ್ನುವುದಕ್ಕೆ ಆಲಿಸ್ ಸ್ಪ್ರಿಂಗ್ಸ್‌ನವರು ಟಾಡ್ ನದಿಯಲ್ಲಿ ಪ್ರತಿ ವರ್ಷ ನಡೆಸುವ ದೋಣಿ ಸ್ಪರ್ಧೆಯೇ ಸಾಕ್ಷಿ. ತಳವಿಲ್ಲದ ದೋಣಿಯನ್ನು ಸೊಂಟಕ್ಕೆ ಹಿಡಿದುಕೊಂಡು ಮರಳಿನಲ್ಲಿ ಓಡುತ್ತಾರೆ! 1993ರಲ್ಲಿ ಆ ಸ್ಪರ್ಧೆ ರದ್ದಾಯಿತು. ಕಾರಣ, ನದಿಯಲ್ಲಿ ನೀರು ಬಂದಿತ್ತು.

2. ತಿಂಗಳು ಗೊತ್ತು ಮಾಡಿ

ಮೇ ತಿಂಗಳಿಂದ ಆಗಸ್ಟ್‌ವರೆಗೆ. ಏಪ್ರಿಲ್ ಕೊನೆ, ಸೆಪ್ಟೆಂಬರ್ ಮೊದಲ ವಾರವೂ ನಡೆಯುತ್ತದೆ. ಉಳಿದ ತಿಂಗಳು ಬೇಡ. ಬೇಸಿಗೆಯಲ್ಲಿ, ಅಂದರೆ ನಮ್ಮ ಡಿಸೆಂಬರ್–ಫೆಬ್ರವರಿಯಲ್ಲಿ, ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಕಮರಿಯ ಕಲ್ಲು ಕಾದು ನಿಂತಾಗ ಶಾಖ ಇನ್ನೂ ಜಾಸ್ತಿ. ರಾಯಚೂರು, ಕಲಬುರಗಿಯ ಬಿಸಿಲು ಕಂಡವರು ನಾವು, ನಮಗೇನು ಅನ್ನುವವರಿದ್ದಾರೆ. ಅಲ್ಲಿ ನೆರಳಿಗೆ ಒಂದು ಚಾ ಅಂಗಡಿಯೂ ಸಿಗುವುದಿಲ್ಲ ಸ್ವಾಮಿ.

ಜೂನ್, ಜುಲೈಯಲ್ಲಿ ಹಗಲು 20 ಡಿಗ್ರಿ ಆಸುಪಾಸು. ನಡೆಯಲು ಹೇಳಿಮಾಡಿಸಿದ ಹವೆ. ಆದರೆ ರಾತ್ರಿ? ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೈನಸ್ 7.5 ಡಿಗ್ರಿ ದಾಖಲಾಗಿದ್ದೂ ಇದೆ. ಮರುಭೂಮಿ ಅಂದರೆ ಸೆಕೆ ಅಂದುಕೊಂಡು ತೆಳು ಹೊದಿಕೆ ತಂದವರು ಬೆಳಗಿನ ಜಾವ ಬಾಟಲಿಯ ನೀರು ಹೆಪ್ಪುಗಟ್ಟಿದ್ದನ್ನು ನೋಡುತ್ತಾ ಕೂರುತ್ತಾರೆ.

ಹಗಲು ಚಿಕ್ಕದು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಲ್ಲಿ ಬೆಳಕು ಹತ್ತೂವರೆ ಗಂಟೆಯಷ್ಟೇ. ಸಂಜೆ ಆರಕ್ಕೆಲ್ಲ ಕತ್ತಲು.

3. ದಿಕ್ಕು ಮತ್ತು ದಿನಗಳು

ಹೆಚ್ಚಿನವರು ಪೂರ್ವದಿಂದ ಪಶ್ಚಿಮಕ್ಕೆ ನಡೆಯುತ್ತಾರೆ. ಶುರು ಆಲಿಸ್ ಸ್ಪ್ರಿಂಗ್ಸ್ ಪಕ್ಕದ ಹಳೆಯ ಟೆಲಿಗ್ರಾಫ್ ಸ್ಟೇಷನ್‌ನಿಂದ. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ಜೋಡಿಸಿ 1872ರಲ್ಲಿ ಮುಗಿದ ತಂತಿ ಮಾರ್ಗದ ಠಾಣೆ ಅದು. ಕೊನೆ 1,380 ಮೀಟರ್ ಎತ್ತರದ ಮೌಂಟ್ ಸೋಂಡರ್. ಹೀಗೆ ನಡೆದರೆ ಬೆಳಿಗ್ಗೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಖ್ಯ ಶಿಖರ ಕೊನೆಗೆ ಸಿಗುತ್ತದೆ. ತೊಂದರೆ ಏನೆಂದರೆ, ಮುಗಿಯುವ ಜಾಗ ಊರಿನಿಂದ 150 ಕಿಲೋಮೀಟರ್ ದೂರ. ಬಸ್ಸಿಲ್ಲ. ಹೇಳಿದ ದಿನ ಗಾಡಿ ಬರುತ್ತದೆ, ನೀವು ಅಲ್ಲಿರಲೇಬೇಕು. ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ ಮೊದಲ ದಿನವೇ ಗಾಡಿ ಕೆಲಸ ಮುಗಿಯುತ್ತದೆ, ಆಮೇಲೆ ನಿಮ್ಮ ಪಾಡಿಗೆ ನೀವು ನಡೆದುಕೊಂಡು ಊರು ಸೇರಬಹುದು. ಮೊದಲ ಸಲ ಇಷ್ಟು ಉದ್ದದ ಚಾರಣ ಮಾಡುವವರಿಗೆ ನಾನು ಹೇಳುವುದು ಪೂರ್ವದಿಂದಲೇ ಹೊರಡಿ ಅಂತ. ಮೊದಲ ಎರಡು ವಿಭಾಗ ಸುಲಭ, ಊರೂ ಹತ್ತಿರ. ಶೂ ಕಚ್ಚಿದರೆ, ಮಂಡಿ ಹಿಡಿದರೆ ವಾಪಸ್ ಬರಬಹುದು.

12 ದಿನದಲ್ಲಿ ಮುಗಿಸುವವರಿದ್ದಾರೆ. ನಮ್ಮ ನಿಮ್ಮಂಥವರಿಗೆ 15 ದಿನ, ಜೊತೆಗೆ ಒಂದು ದಿನ ವಿಶ್ರಾಂತಿ ಚೆನ್ನ. ಒಂದು ಮಾದರಿ ಹೀಗಿದೆ:

1ನೇ ದಿನ: ಟೆಲಿಗ್ರಾಫ್ ಸ್ಟೇಷನ್‌ನಿಂದ ವಾಲಬಿ ಗ್ಯಾಪ್
2: ಸಿಂಪ್ಸನ್ಸ್ ಗ್ಯಾಪ್
3: ಜೇ ಕ್ರೀಕ್ (ಸುಮಾರು 24 ಕಿ.ಮೀ., ಆದರೆ ಬಹುತೇಕ ಸಮತಟ್ಟು)
4: ಸ್ಟ್ಯಾಂಡ್ಲಿ ಚಾಸಮ್. ನಡಿಗೆಗೆ ಮುಂಚೆಯೇ ಇಟ್ಟುಬಂದ ಮೊದಲ ಊಟದ ಡಬ್ಬಿ ಇಲ್ಲಿ
5: ಬ್ರಿಂಕ್ಲಿ ಬ್ಲಫ್ ಹತ್ತಿ ಇಳಿದು ಬರ್ತ್‌ಡೇ ವಾಟರ್‌ಹೋಲ್
6: ಹ್ಯೂ ಗಾರ್ಜ್
7: ರಾಕಿ ಗಲಿ
8: ಎಲರಿ ಕ್ರೀಕ್. ಎರಡನೇ ಡಬ್ಬಿ. ವಿಶ್ರಾಂತಿ ಬೇಕಿದ್ದರೆ ಇಲ್ಲೇ
9: ಸರ್ಪೆಂಟೈನ್ ಗಾರ್ಜ್
10: ಸರ್ಪೆಂಟೈನ್ ಶ್ಯಾಲೆ (Chalet) ಡ್ಯಾಮ್
11 ಮತ್ತು 12: ನಡುವೆ ಒಂದು ಒಣ (ನೀರಿನ ಟ್ಯಾಂಕಿಲ್ಲದ) ಬಿಡಾರ, ನಂತರ ಆರ್ಮಿಸ್ಟನ್ ಗಾರ್ಜ್. ಮೂರನೇ ಡಬ್ಬಿ
13: ಫಿಂಕ್ ನದಿ (10 ಕಿ.ಮೀ. ಅಷ್ಟೇ, ಅರ್ಧ ದಿನ ಸಾಕು)
14: ರೆಡ್‌ಬ್ಯಾಂಕ್ ಗಾರ್ಜ್
15: ಮೌಂಟ್ ಸೋಂಡರ್ ಹತ್ತಿ ಇಳಿದು ಊರಿಗೆ

ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. 6ನೇ ದಿನ ಬರೀ 16 ಕಿಲೋಮೀಟರ್. ಆದರೆ ಬರ್ತ್‌ಡೇ ವಾಟರ್‌ಹೋಲ್‌ನಿಂದ ಹ್ಯೂ ಗಾರ್ಜ್‌ವರೆಗಿನ ಈ ಐದನೇ ವಿಭಾಗವೇ ಇಡೀ ದಾರಿಯ ಕಷ್ಟದ ತುಂಡು. ಸ್ಪೆನ್ಸರ್ ಗಾರ್ಜ್‌ನಲ್ಲಿ ಬಂಡೆ ಹತ್ತಿ ಇಳಿಯಬೇಕು. ರೇಜರ್‌ಬ್ಯಾಕ್ ಎಂಬ ಕತ್ತಿಯಂಚಿನಂಥ ಏಣಿನ ಮೇಲೆ ನಡೆಯಬೇಕು. ಆಮೇಲೆ ಹ್ಯೂ ಗಾರ್ಜ್‌ನ ತಳದಲ್ಲಿ ಗುಂಡುಕಲ್ಲುಗಳ ಮೇಲೆ ಕಾಲಿಡುತ್ತಾ ಸಾಗಬೇಕು. ಗಂಟೆಗೆ ಎರಡು ಕಿಲೋಮೀಟರ್ ಸಾಗಿದರೆ ದೊಡ್ಡದು. ಹಿಂದಿನ ವಾರ ಮಳೆಯಾಗಿದ್ದರೆ ಸೊಂಟ ಮಟ್ಟದ ತಣ್ಣನೆ ನೀರೂ ಸಿಗಬಹುದು. ಸ್ಲೀಪಿಂಗ್ ಬ್ಯಾಗನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೆಳಕು ಹರಿಯುವ ಹೊತ್ತಿಗೇ ಹೊರಡಿ.

4. ನೀರಿನ ಲೆಕ್ಕ

ಈ ದಾರಿಯಲ್ಲಿ ನೀರು ಸಿಗುವುದು ಪಾರ್ಕಿನವರು, ಅಂದರೆ ಈ ಬೆಟ್ಟಗಳ ರಾಷ್ಟ್ರೀಯ ಉದ್ಯಾನದವರು, ಇಟ್ಟಿರುವ ಟ್ಯಾಂಕುಗಳಲ್ಲಿ. ಒಂದು ಟ್ಯಾಂಕಿನಿಂದ ಇನ್ನೊಂದು ಟ್ಯಾಂಕಿಗೆ ಒಂದು ದಿನದ ದಾರಿ, ಕೆಲವು ಕಡೆ ಎರಡು ದಿನದ್ದು. ಕಮರಿಯ ಮಡುಗಳಲ್ಲಿ ನೀರು ಇರಬಹುದು, ಇಲ್ಲದಿರಬಹುದು. ಇದ್ದರೂ ಸತ್ತ ಪ್ರಾಣಿ ಬಿದ್ದಿರಬಹುದು. ಅದನ್ನು ನಂಬಿ ಯೋಜನೆ ಹಾಕಬೇಡಿ.

ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಟ್ಯಾಂಕುಗಳನ್ನು ಮಾತ್ರ ಚುಕ್ಕೆಯಿಟ್ಟು ಗುರುತು ಮಾಡಿ. ಎರಡು ಚುಕ್ಕೆಗಳ ನಡುವೆ ಎಷ್ಟು ಗಂಟೆ, ನಡುವೆ ರಾತ್ರಿ ಬರುತ್ತದೋ ಇಲ್ಲವೋ ಬರೆಯಿರಿ. ಚಳಿಗಾಲದ ಹಗಲಿಗೆ ಒಬ್ಬರಿಗೆ 4 ಲೀಟರ್ ಇಟ್ಟುಕೊಳ್ಳಿ. ನಡುವೆ ಟ್ಯಾಂಕಿಲ್ಲದ ಬಿಡಾರವಿದ್ದರೆ ಅಡುಗೆಗೂ ಕುಡಿಯಲಿಕ್ಕೂ ಇನ್ನೆರಡು ಲೀಟರ್. ಮರುದಿನ ಟ್ಯಾಂಕ್ ಸಿಗುವವರೆಗಿನ ನಡಿಗೆಗೆ ಎರಡು–ಮೂರು ಲೀಟರ್.

ಒಂದು ಉದಾಹರಣೆ ನೋಡಿ. ಬ್ರಿಂಕ್ಲಿ ಬ್ಲಫ್ 1,200 ಮೀಟರ್ ಎತ್ತರದ ಬೆಟ್ಟ. ಅದರ ತುದಿಯಲ್ಲಿ ಟೆಂಟ್ ಹಾಕಿ ಸೂರ್ಯೋದಯ ನೋಡಬೇಕು ಅನ್ನುವ ಆಸೆ ಎಲ್ಲರಿಗೂ. ಮೇಲೆ ನೀರಿಲ್ಲ. ಸ್ಟ್ಯಾಂಡ್ಲಿ ಚಾಸಮ್‌ನಲ್ಲಿ ತುಂಬಿಕೊಂಡ 8 ಲೀಟರ್ ಹೊತ್ತು ಹತ್ತಬೇಕು. 8 ಲೀಟರ್ ಅಂದರೆ 8 ಕೆ.ಜಿ. ಅದೇ ದಿನ ನಿಮ್ಮ ಮೊದಲ ಡಬ್ಬಿಯ ಊಟವೂ ಹೊಸದಾಗಿ ಬ್ಯಾಗ್ ಸೇರಿರುತ್ತದೆ. ಮೇಲಿನ ಮಾದರಿಯಲ್ಲಿ ಅದಕ್ಕೇ ಬ್ಲಫ್ ಮೇಲೆ ತಂಗುವುದನ್ನು ಬಿಟ್ಟಿದ್ದೇನೆ. ಬೇಕೇ ಬೇಕು ಅಂದರೆ ಒಂದು ದಿನ ಸೇರಿಸಿ, ಡಬ್ಬಿಯ ಊಟವನ್ನು ಹಗುರ ಮಾಡಿಕೊಳ್ಳಿ.

ಸರ್ಪೆಂಟೈನ್ ಶ್ಯಾಲೆ ಡ್ಯಾಮ್‌ನಿಂದ ಆರ್ಮಿಸ್ಟನ್‌ವರೆಗಿನ 28 ಕಿಲೋಮೀಟರೂ ಹೀಗೇ. ಒಂದೇ ದಿನದಲ್ಲಿ ಮುಗಿಸಿದರೆ ನೀರು ಕಡಿಮೆ ಹೊತ್ತರೆ ಸಾಕು, ಕಾಲು ಮಾತ್ರ ಬಿದ್ದುಹೋಗುತ್ತದೆ. ಎರಡು ದಿನ ಮಾಡಿದರೆ ಹೊರೆ ಜಾಸ್ತಿ. ನಾನಾಗಿದ್ದರೆ ಹೊರೆಯನ್ನೇ ಆರಿಸಿಕೊಳ್ಳುತ್ತೇನೆ. ಕತ್ತಲಲ್ಲಿ ಕಲ್ಲುದಾರಿ ಇಳಿಯುವುದಕ್ಕಿಂತ ಎರಡು ಲೀಟರ್ ಹೆಚ್ಚಿಗೆ ಹೊರುವುದೇ ವಾಸಿ.

ಟ್ಯಾಂಕಿನ ನೀರನ್ನೂ ಶುದ್ಧ ಮಾಡಿಯೇ ಕುಡಿಯಿರಿ. ಮಾತ್ರೆಯಾದರೂ ಸರಿ, ಫಿಲ್ಟರ್ ಆದರೂ ಸರಿ, ಕುದಿಸಿದರೂ ಸರಿ. ಹಿಂಡುವ ಥರದ ಸಣ್ಣ ಫಿಲ್ಟರ್ ಇದ್ದರೆ ಒಂದು ಎಚ್ಚರಿಕೆ: ಅದರೊಳಗಿನ ನಳಿಕೆಗಳಲ್ಲಿ ಉಳಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ನಳಿಕೆ ಒಡೆಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಫಿಲ್ಟರ್ ಮಾತ್ರ ಕೆಲಸಕ್ಕೆ ಬಾರದು. ರಾತ್ರಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಫೋನನ್ನೂ ಜೊತೆಗೇ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಇನ್ನು ಎಲರಿ ಕ್ರೀಕಿನಂಥ ದೊಡ್ಡ ಮಡು ಕಂಡಕೂಡಲೇ ಧುಮುಕಬೇಡಿ. ಹೊರಗೆ ಬಿಸಿಲಿದ್ದರೂ ಬಿಸಿಲು ಕಾಣದ ಆ ನೀರು ಕೊರೆಯುತ್ತಿರುತ್ತದೆ. ಒಮ್ಮೆಗೇ ಬಿದ್ದರೆ ಉಸಿರು ಕಟ್ಟುತ್ತದೆ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೂ ಸುಖವೇ. ಸೋಪು ಬೇಡ.

5. ಊಟದ ಡಬ್ಬಿಗಳು

ಒಬ್ಬರಿಗೆ ದಿನಕ್ಕೆ ಸುಮಾರು 750 ಗ್ರಾಂ ಒಣ ಆಹಾರ ಬೇಕು. 15 ದಿನಕ್ಕೆ 11 ಕೆ.ಜಿ. ಮೀರುತ್ತದೆ. ಅಷ್ಟನ್ನು ಹೊತ್ತು ಮೇಲೆ ನೀರನ್ನೂ ಹೊರಲು ಆಗದು. ಅದಕ್ಕೇ ಮೂರು ಕಡೆ ಮೊದಲೇ ಡಬ್ಬಿ ಇಡುವುದು: ಸ್ಟ್ಯಾಂಡ್ಲಿ ಚಾಸಮ್, ಎಲರಿ ಕ್ರೀಕ್, ಆರ್ಮಿಸ್ಟನ್ ಗಾರ್ಜ್. ಸ್ಟ್ಯಾಂಡ್ಲಿ ಚಾಸಮ್‌ನಲ್ಲಿ ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ. ಉಳಿದೆಡೆ ಬೀಗ ಹಾಕಿದ ಕೋಣೆಗಳಿವೆ. ಅವುಗಳ ಕೀಲಿಯನ್ನು ಆಲಿಸ್ ಸ್ಪ್ರಿಂಗ್ಸ್‌ನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಬಾಡಿಗೆ ಮತ್ತು ಠೇವಣಿ ಕಟ್ಟಿ ಪಡೆಯಬೇಕು. ಡಬ್ಬಿ ಇಟ್ಟುಬರಲು ಒಂದು ದಿನ ಕಾರು ಬಾಡಿಗೆಗೆ ಹಿಡಿಯಬಹುದು, ಇಲ್ಲವೇ ಚಾರಣಿಗರನ್ನು ಕರೆದೊಯ್ಯುವ ಗಾಡಿಯವರಿಗೇ ಕೊಡಬಹುದು.

ಡಬ್ಬಿ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಲಿ, ಇಲಿ ಕೊರೆಯಬಾರದು. ಮೇಲೆ ಹೆಸರು, ತೆಗೆದುಕೊಳ್ಳುವ ತಾರೀಕು ಬರೆಯಿರಿ. ಊಟದ ಜೊತೆ ಪ್ರತಿ ಡಬ್ಬಿಯಲ್ಲೂ ಒಂದು ಜೊತೆ ಕಾಲುಚೀಲ, ಬ್ಯಾಂಡೇಜು, ಟಾಯ್ಲೆಟ್ ಪೇಪರ್, ಮತ್ತು ಒಂದು ಆಸೆಯ ತಿಂಡಿ ಹಾಕಿ. ನಾಲ್ಕು ದಿನ ನಡೆದು ಬಂದವರಿಗೆ ಕೋಡುಬಳೆ ಪೊಟ್ಟಣ ಸಿಕ್ಕರೆ ಆಗುವ ಖುಷಿಯೇ ಬೇರೆ.

ಅಡುಗೆಯ ವಿಚಾರದಲ್ಲಿ ನಾವು ಪುಣ್ಯವಂತರು. ಅಲ್ಲಿ ಬೇರೆಯವರು ದುಬಾರಿ ಒಣಗಿಸಿದ ಊಟದ ಪೊಟ್ಟಣ ಹೊತ್ತು ತಿರುಗುತ್ತಾರೆ. ನಮಗೆ ಗೊಜ್ಜವಲಕ್ಕಿ ಇದೆ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ತರಿತರಿ ಮಾಡಿಕೊಳ್ಳಿ. ಪುಳಿಯೋಗರೆ ಪುಡಿ, ಒಣಕೊಬ್ಬರಿ ತುರಿ, ಬೆಲ್ಲದ ಪುಡಿ, ಉಪ್ಪು, ಹುರಿದ ಶೇಂಗಾ ಸೇರಿಸಿ ಒಂದೊಂದು ಊಟಕ್ಕೆ ಒಂದೊಂದು ಜಿಪ್ ಕವರಿನಲ್ಲಿ ತುಂಬಿ. ಮಧ್ಯಾಹ್ನ ನೆರಳು ಸಿಕ್ಕಲ್ಲಿ ಕೂತು ಅದೇ ಕವರಿಗೆ ಅವಲಕ್ಕಿ ನೆನೆಯುವಷ್ಟು ನೀರು ಹಾಕಿ, ಮೇಲಿನಿಂದ ಹಿಸುಕಿ, ಹತ್ತು ನಿಮಿಷ ಬಿಟ್ಟರೆ ಊಟ ರೆಡಿ. ಒಲೆ ಬೇಡ, ಪಾತ್ರೆ ತೊಳೆಯುವ ನೀರೂ ಬೇಡ. ಮರುಭೂಮಿಯಲ್ಲಿ ಇದು ಸಣ್ಣ ಲಾಭವಲ್ಲ.

ರಾತ್ರಿಗೆ ಮೊದಲೇ ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಶಾವಿಗೆ. ಬೇಳೆ ಬೇಕಿದ್ದರೆ ಹೆಸರುಬೇಳೆ ಇಲ್ಲವೇ ಕೆಂಪು ಮಸೂರ. ತೊಗರಿಬೇಳೆ ಬೇಡ, ಕುಕ್ಕರಿಲ್ಲದೆ ಬೇಯಿಸುವುದರಲ್ಲಿ ಗ್ಯಾಸೆಲ್ಲ ಖಾಲಿ. ಬೆಳಿಗ್ಗೆ ಚಳಿಯಲ್ಲಿ ಬೇಗ ಹೊರಡಬೇಕಾದಾಗ ರಾಗಿ ಹುರಿಹಿಟ್ಟು ಬೆಲ್ಲ ಸಾಕು. ಚಿಕ್ಕಿ, ಖರ್ಜೂರ, ಗೋಡಂಬಿ ಜೇಬಿನಲ್ಲಿರಲಿ. ಸ್ಟ್ಯಾಂಡ್ಲಿ ಚಾಸಮ್ ಮತ್ತು ಆರ್ಮಿಸ್ಟನ್‌ನಲ್ಲಿ ಅಂಗಡಿಯೂ ಸ್ನಾನದ ವ್ಯವಸ್ಥೆಯೂ ಇವೆ. ಆ ದಿನ ಹೊತ್ತಿರುವಾಗಲೇ ತಲುಪಿ ಬಿಸಿಬಿಸಿ ಏನಾದರೂ ತಿನ್ನಿ.

ಭಾರತದಿಂದ ಹೋಗುವವರು ಈ ಸಾಮಾನನ್ನೆಲ್ಲ ಬ್ಯಾಗಿನಲ್ಲಿ ತುಂಬಿಕೊಂಡು ಇಳಿಯಬೇಡಿ. ಆಸ್ಟ್ರೇಲಿಯಾದಲ್ಲಿ ಆಹಾರ ಪದಾರ್ಥದ ತಪಾಸಣೆ ತುಂಬಾ ಬಿಗಿ. ಹಾಲಿನ ಸಿಹಿ, ಕಾಳು, ಬೀಜ, ಕರಿಬೇವಿನಂಥ ಎಲೆಗಳ ಮೇಲೆ ವಿಶೇಷ ಕಣ್ಣು. ತಂದದ್ದನ್ನೆಲ್ಲ ಪ್ರವೇಶ ಕಾರ್ಡಿನಲ್ಲಿ ಬರೆಯಲೇಬೇಕು. ಬರೆದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಬರೆಯದಿದ್ದರೆ ದೊಡ್ಡ ದಂಡ. ಶೂ, ವಾಕಿಂಗ್ ಸ್ಟಿಕ್, ಟೆಂಟಿನ ಗೂಟಗಳಿಗೆ ಮಣ್ಣು ಅಂಟಿದ್ದರೆ ಅದೂ ತಕರಾರು. ಹಲ್ಲುಜ್ಜುವ ಹಳೆಯ ಬ್ರಷ್ ತಗೊಂಡು ಶೂ ಅಡಿ ಉಜ್ಜಿ ತೊಳೆದು ಹೊರಡಿ. ಸಿಡ್ನಿ, ಮೆಲ್ಬರ್ನ್, ಅಡಿಲೇಡ್‌ನ ಇಂಡಿಯನ್ ಅಂಗಡಿಗಳಲ್ಲಿ ಅವಲಕ್ಕಿ, ರವೆ, ಪುಳಿಯೋಗರೆ ಪುಡಿ ಎಲ್ಲ ಸಿಗುತ್ತವೆ. ಅಕ್ಕಿ, ಒಣಹಣ್ಣಿಗೆ ಆಲಿಸ್ ಸ್ಪ್ರಿಂಗ್ಸ್‌ನ ಸೂಪರ್ ಮಾರ್ಕೆಟ್ ಸಾಕು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅದನ್ನು ಅಲ್ಲೇ ಕೊಳ್ಳಬೇಕು.

6. ಬ್ಯಾಗ್ ಕಟ್ಟುವುದು

ನೀರು, ಊಟ ಬಿಟ್ಟು 10 ಕೆ.ಜಿ. ಒಳಗೆ ಮುಗಿಸಿ. ಆಗ ನಾಲ್ಕು ದಿನದ ಊಟ 3 ಕೆ.ಜಿ., ನೀರು 4–5 ಕೆ.ಜಿ. ಸೇರಿ 17–18ಕ್ಕೆ ನಿಲ್ಲುತ್ತದೆ.

ಸ್ಲೀಪಿಂಗ್ ಬ್ಯಾಗ್ ಮೈನಸ್ 5 ಡಿಗ್ರಿಗೆ ತಡೆಯುವಂಥದ್ದಿರಲಿ. ಹಣ ಉಳಿಸುವುದಿದ್ದರೆ ಬೇರೆ ಕಡೆ ಉಳಿಸಿ. ಶೂ ವಿಷಯ: ಕ್ವಾರ್ಟ್ಜೈಟ್ ಕಲ್ಲು ಚೂಪು, ಅಟ್ಟೆಯನ್ನು ತಿಂದುಹಾಕುತ್ತದೆ. ಹಳೆಯ ಶೂ ಅಟ್ಟೆ ಬಿಟ್ಟುಕೊಂಡರೆ ಎಲರಿ ಕ್ರೀಕಿನಲ್ಲಿ ಚಮ್ಮಾರರಿಲ್ಲ. ಹೊಸದು ಕೊಳ್ಳಿ, ಆದರೆ ಹೊರಡುವ ಮುಂಚೆ ಒಂದೆರಡು ತಿಂಗಳು ಹಾಕಿ ನಡೆದು ಪಳಗಿಸಿ. ಗಟ್ಟಿ ಟೇಪಿನ ಒಂದು ಸುರುಳಿ ಇರಲಿ. ಸ್ಪಿನಿಫೆಕ್ಸ್ ಎಂಬ ಹುಲ್ಲು ದಾರಿಯುದ್ದಕ್ಕೂ ಇದೆ. ಅದರ ಎಲೆಯ ತುದಿ ಸೂಜಿಯಂತೆ ಚುಚ್ಚಿ ಚರ್ಮದೊಳಗೇ ಮುರಿಯುತ್ತದೆ. ಮೊಣಕಾಲಿನ ಕೆಳಗೆ ಕಟ್ಟುವ ಗೇಟರ್ ಅದಕ್ಕೇ ಬೇಕು. ಒಂದು ಸಣ್ಣ ಚಿಮಟ ಮರೆಯಬೇಡಿ. ನೊಣ ತಡೆಯಲು ತಲೆಗೆ ಹಾಕುವ ಬಲೆ ನೋಡಲು ತಮಾಷೆಯಾಗಿರುತ್ತದೆ, ನೊಣ ಬಂದಾಗ ಯಾರೂ ನಗುವುದಿಲ್ಲ.

ನಮ್ಮ ಕಡೆಯಿಂದ ಹೋದವರಿಗೆ ಗೊಂದಲ ಮಾಡುವುದು ಸೂರ್ಯ. ಅಲ್ಲಿ ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಪಶ್ಚಿಮಕ್ಕೆ ನಡೆಯುವವರಿಗೆ ದಿನವಿಡೀ ಬಲಗೆನ್ನೆ, ಬಲಗಿವಿ ಸುಡುತ್ತದೆ. ಕಿವಿ ಮುಚ್ಚುವ ಅಗಲ ಅಂಚಿನ ಟೋಪಿ ಬೇಕು, ಕ್ರಿಕೆಟ್ ಕ್ಯಾಪ್ ಸಾಲದು.

7. ಟಿಕೆಟ್, ಬುಕಿಂಗ್

ಬೆಂಗಳೂರಿನಿಂದ ಸಿಡ್ನಿಗೆ 2022ರಿಂದ ನೇರ ವಿಮಾನವಿದೆ. ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಇನ್ನೊಂದು. ಅಡಿಲೇಡಿನಿಂದ ಕಾರಿನಲ್ಲಿ ಹೋಗುವುದಾದರೆ ಸುಮಾರು 1,500 ಕಿಲೋಮೀಟರ್. ಆಲಿಸ್ ಸ್ಪ್ರಿಂಗ್ಸ್ ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದವರಲ್ಲದವರಿಗೆ ಪಾರ್ಕ್ಸ್ ಪಾಸ್ ಬೇಕು. ಅದರ ಮೇಲೆ ಟ್ರೇಲ್ ಶುಲ್ಕ ಮತ್ತು ಬಿಡಾರಗಳ ಬುಕಿಂಗ್, ಎಲ್ಲ ಆನ್‌ಲೈನ್. ಜೂನ್–ಜುಲೈಗೆ ಬೇಡಿಕೆ ಜಾಸ್ತಿ, ತಿಂಗಳುಗಟ್ಟಲೆ ಮುಂಚೆ ಮಾಡಿ. ಪ್ರಯಾಣ ವಿಮೆಯಲ್ಲಿ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ ಎಂದು ಸಣ್ಣ ಅಕ್ಷರಗಳಲ್ಲಿ ಓದಿ ನೋಡಿ.

8. ಮೈ ಪಳಗಿಸುವುದು

ನಾಲ್ಕು ತಿಂಗಳು ಮುಂಚೆ ಶುರು ಮಾಡಿ. ಕರ್ನಾಟಕದಲ್ಲಿರುವವರಿಗೆ ಏರಿಳಿತಕ್ಕೆ ಕುಮಾರಪರ್ವತ, ಬಂಡೆಗೆ ಸಾವನದುರ್ಗ, ಒಣ ಬಿಸಿಲಿಗೂ ಕೆಂಪು ಕಲ್ಲಿಗೂ ಬಾದಾಮಿ. ಬ್ಯಾಗಿಗೆ ತೂಕ ಬೇಕಿದ್ದರೆ ಕಲ್ಲು ತುಂಬಬೇಡಿ, ನೀರಿನ ಬಾಟಲಿ ತುಂಬಿ. ಮೇಲೆ ಹತ್ತಿದ ಮೇಲೆ ಚೆಲ್ಲಿಬಿಟ್ಟರೆ ಇಳಿಯುವಾಗ ಮಂಡಿ ಉಳಿಯುತ್ತದೆ. ಮುಖ್ಯವಾದದ್ದು ಒಂದೇ ದಿನದ ಸಾಹಸವಲ್ಲ. ಶನಿವಾರ ನಡೆದು ಭಾನುವಾರ ಬೆಳಿಗ್ಗೆ ಅದೇ ನೋಯುವ ಕಾಲಿನಲ್ಲಿ ಮತ್ತೆ ನಡೆಯಬೇಕು.

9. ಅಪಾಯ, ಫೋನು

ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇಲ್ಲ. ಕೆಲವು ಏಣುಗಳ ಮೇಲೆ ಟೆಲ್‌ಸ್ಟ್ರಾ ಸಿಮ್ಮಿಗೆ ಒಂದೆರಡು ಗೆರೆ ಬಂದರೆ ಅದೃಷ್ಟ. ಪಿಎಲ್‌ಬಿ ಎಂಬ ಸಣ್ಣ ಸಾಧನ ಒಯ್ಯಲೇಬೇಕು. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಕರೆ ಹೋಗುತ್ತದೆ. ಮಾತಾಡಲು, ಮೆಸೇಜ್ ಕಳಿಸಲು ಆಗುವುದಿಲ್ಲ. ಮೆಸೇಜೂ ಬೇಕೆಂದರೆ ಸ್ಯಾಟಲೈಟ್ ಮೆಸೆಂಜರ್. ಎರಡೂ ಬಾಡಿಗೆಗೆ ಸಿಗುತ್ತವೆ. ಬಾಡಿಗೆಗೇ ತಗೊಳ್ಳಿ. ಯಾಕೆಂದರೆ ಭಾರತದಲ್ಲಿ ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್, ಮೆಸೆಂಜರ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಚಾರಣಕ್ಕೆಂದು ತಂದ ಇಂಥ ಸಾಧನದಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರಿದ್ದಾರೆ.

ಟೆಂಟನ್ನು ಒಣ ನದಿಯ ಮರಳಿನ ಮೇಲೆ ಹಾಕಬೇಡಿ. ಹಾಸಿಗೆಯಷ್ಟು ಮೆತ್ತಗಿರುತ್ತದೆ, ಆಸೆಯಾಗುತ್ತದೆ. ಆದರೆ ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ಮೋಡವೇ ಇಲ್ಲದಾಗಲೂ ನೀರು ನುಗ್ಗಬಹುದು. ರೆಡ್ ಗಮ್ ಮರದ ಕೆಳಗೂ ಬೇಡ. ಗಾಳಿಯೇ ಇಲ್ಲದ ಹೊತ್ತಿನಲ್ಲೂ ಅದರ ದೊಡ್ಡ ಕೊಂಬೆ ಇದ್ದಕ್ಕಿದ್ದಂತೆ ಮುರಿದು ಬೀಳುತ್ತದೆ. ಡಿಂಗೋ ಎಂಬ ಕಾಡುನಾಯಿಗಳು ಜನರ ತಂಟೆಗೆ ಬರುವುದು ಅಪರೂಪ, ಆದರೆ ಹೊರಗಿಟ್ಟ ಊಟ ಎತ್ತಿಕೊಂಡು ಹೋಗುತ್ತವೆ, ಶೂವನ್ನೂ ಬಿಡುವುದಿಲ್ಲ. ಎರಡೂ ಟೆಂಟಿನೊಳಗಿರಲಿ. ಹಾವುಗಳು ಚಳಿಗಾಲದಲ್ಲಿ ಹೆಚ್ಚು ಓಡಾಡುವುದಿಲ್ಲ. ಹಾಗಂತ ಬಂಡೆ ಸಂದಿಗೆ ಕೈ ಹಾಕಬೇಡಿ.

ಬೆಂಕಿ ಹಾಕಿ ಚಳಿ ಕಾಯಿಸುವ ಆಸೆ ಬಿಡಿ. ಅಡುಗೆಗೆ ಗ್ಯಾಸ್ ಸ್ಟೌ ಮಾತ್ರ. 2019ರ ಜನವರಿಯಲ್ಲಿ ಈ ಪಾರ್ಕಿನ ದೊಡ್ಡ ಭಾಗವನ್ನೇ ಬೆಂಕಿ ಸುಟ್ಟುಹಾಕಿತ್ತು.

10. ಅದು ಇನ್ನೊಬ್ಬರ ಮನೆ

ಸ್ಟ್ಯಾಂಡ್ಲಿ ಚಾಸಮ್ ಅರಂಡ ಜನರದೇ ಸ್ವಂತ ಜಾಗ, ನಡೆಸುವವರೂ ಅವರೇ. ದಾರಿಯಲ್ಲಿ ಅವರಿಗೆ ಪವಿತ್ರವಾದ ಎಡೆಗಳು ಹಲವಾರಿವೆ. ಫಲಕದಲ್ಲಿ ಫೋಟೋ ಬೇಡ ಅಂತಿದ್ದರೆ ಬೇಡ, ಜಾಡು ಬಿಡಬೇಡಿ ಅಂತಿದ್ದರೆ ಬಿಡಬೇಡಿ. ಓಕರ್ ಪಿಟ್ಸ್ ಎಂಬಲ್ಲಿ ಕೆಂಪು, ಹಳದಿ, ಬಿಳಿ ಬಣ್ಣದ ಮಣ್ಣಿನ ಪದರಗಳು ಎದ್ದು ಕಾಣುತ್ತವೆ. ಆಚರಣೆಗಳಿಗೆ ಅವರು ಬಳಸುವ ಬಣ್ಣ ಅದು. ನಮ್ಮವರಿಗೆ ಬಣ್ಣದ ಮಣ್ಣು ಕಂಡರೆ ಬೆರಳಿಗೆ ಹಚ್ಚಿ ನೋಡುವ ಚಪಲ. ಮುಟ್ಟಬೇಡಿ, ದಂಡವೂ ಇದೆ. ಡ್ರೋನ್ ಹಾರಿಸಲು ಪರವಾನಗಿ ಬೇಕು.

ಸಾಧ್ಯವಾದರೆ ಹೋಗುವ ಮುಂಚೆ ಆಲ್ಬರ್ಟ್ ನಮಟ್‌ಜಿರಾ (1902–1959) ಬರೆದ ಜಲವರ್ಣ ಚಿತ್ರಗಳನ್ನು ಹುಡುಕಿ ನೋಡಿ. ಇಲ್ಲೇ ಹತ್ತಿರದ ಹರ್ಮನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಅರಂಡ ಕಲಾವಿದ. ಬೆಟ್ಟಕ್ಕೆ ನೇರಳೆ ಬಣ್ಣ, ಮರದ ಕಾಂಡಕ್ಕೆ ಹಾಲುಬಿಳಿ ಹಚ್ಚಿದ್ದು ಕಲ್ಪನೆ ಅನ್ನಿಸುತ್ತದೆ. ಸಂಜೆ ಐದೂವರೆಗೆ ಮೌಂಟ್ ಸೋಂಡರ್ ಕಡೆ ನೋಡಿದ ಮೇಲೆ ಹಾಗನ್ನಿಸುವುದಿಲ್ಲ.

11. ಕೊನೆಯ ದಿನ

ಸೋಂಡರ್ ಹತ್ತಿ ಇಳಿಯಲು ಸುಮಾರು 16 ಕಿಲೋಮೀಟರ್. ಸೂರ್ಯೋದಯ ಬೇಕೆಂದರೆ ಬೆಳಗಿನ ಜಾವ ಮೂರಕ್ಕೆಲ್ಲ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡಬೇಕು. ದೊಡ್ಡ ಬ್ಯಾಗನ್ನು ಬಿಡಾರದಲ್ಲೇ ಬಿಡಿ. ನೀರು, ತಿಂಡಿ ಮತ್ತು ಇರುವ ಬೆಚ್ಚನೆ ಬಟ್ಟೆಯೆಲ್ಲ ಜೊತೆಗಿರಲಿ, ಮೇಲೆ ಗಾಳಿ ಜೋರು. ವಾಪಸ್ ಗಾಡಿಯನ್ನು ಮಧ್ಯಾಹ್ನ ಹನ್ನೆರಡಕ್ಕಿಂತ ಮುಂಚೆ ಹೇಳಬೇಡಿ, ಇಳಿಯುವಾಗ ಅವಸರ ಬೇಡ. ಊರಿಗೆ ಬರುವ ದಾರಿಯಲ್ಲಿ ಆರ್ಮಿಸ್ಟನ್, ಎಲರಿಯಲ್ಲಿ ಬಿಟ್ಟ ಖಾಲಿ ಡಬ್ಬಿಗಳನ್ನು ಎತ್ತಿಕೊಂಡು ಬರಲು ಗಾಡಿಯವರಿಗೆ ಮೊದಲೇ ತಿಳಿಸಿರಿ. ಮಾಹಿತಿ ಕೇಂದ್ರ ಸಂಜೆ ಮುಚ್ಚುವ ಮುಂಚೆ ಕೀಲಿ ಕೊಟ್ಟು ಠೇವಣಿ ವಾಪಸ್ ಪಡೆಯಿರಿ. ಅವತ್ತೇ ರಾತ್ರಿಯ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ, ಒಂದು ದಿನ ಬಿಟ್ಟು ಟಿಕೆಟ್ ತೆಗೆಯಿರಿ.